ಜಲ, ಪಾಷಾಣ, ನಿಧಿ, ನಿಕ್ಷೇಪ: ಸೈಟಿನ ಕೆಳಗೆ ನಮ್ಮದೇನಿದೆ?

ಜಯನಗರದಲ್ಲೋ ಬನಶಂಕರಿಯಲ್ಲೋ ಇರುವ ಹಳೆಯ ಮನೆಗಳ ಕ್ರಯಪತ್ರಗಳನ್ನು ಬಿಡಿಸಿ ಓದಿದವರಿಗೆ ಒಂದು ಸಾಲು ಪರಿಚಿತವಾಗಿರುತ್ತದೆ. ಚೆಕ್ಕುಬಂದಿಯ ವಿವರಕ್ಕೂ ಸಾಕ್ಷಿಗಳ ಸಹಿಗೂ ನಡುವೆ ಎಲ್ಲೋ, ಈ ಸ್ವತ್ತನ್ನು ಅದಕ್ಕೆ ಸೇರಿದ ಜಲ, ತರು, ಪಾಷಾಣ, ನಿಧಿ, ನಿಕ್ಷೇಪ ಮೊದಲಾದ ಅಷ್ಟಭೋಗ ತೇಜಸ್ವಾಮ್ಯಗಳ ಸಮೇತ ಮಾರಿದ್ದೇವೆ ಎಂಬರ್ಥದ ಮಾತು ಬರುತ್ತದೆ. ಪತ್ರ ಬರೆಯುವವರು ಅದನ್ನು ಹಿಂದಿನ ಪತ್ರದಿಂದ ಇಳಿಸಿಕೊಂಡಿರುತ್ತಾರೆ. ಕೊಳ್ಳುವವರು ಉದ್ದಗಲ, ಖಾತೆ, ಕಂದಾಯದ ರಸೀದಿ ನೋಡಿ ಸಹಿ ಹಾಕುತ್ತಾರೆ. 30x40 ಸೈಟಿನ ಜೊತೆಗೆ ತಮಗೆ ನಿಧಿಯನ್ನೂ ಬಂಡೆಯನ್ನೂ ಮಾರಲಾಗಿದೆ ಎಂಬುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಆದರೆ ಈ ಸಾಲಿಗೆ ಐದಾರು ನೂರು ವರ್ಷಗಳ ಇತಿಹಾಸವಿದೆ. ಅದು ಎತ್ತುವ ಪ್ರಶ್ನೆಯಂತೂ ಇವತ್ತಿನದೇ: ನೆಲ ನಮ್ಮದಾದರೆ ನೆಲದಡಿ ಯಾರದು? ಅಮೆರಿಕದ ಟೆಕ್ಸಸ್‌ನಲ್ಲೋ ಪೆನ್ಸಿಲ್ವೇನಿಯದಲ್ಲೋ ಈ ಪ್ರಶ್ನೆಗೆ ಉತ್ತರ ಸಿದ್ಧವಾಗಿದೆ. ಅಲ್ಲಿ ಜಮೀನಿನ ಒಡೆಯ ತನ್ನ ಹೊಲದಡಿಯ ತೈಲ ಮತ್ತು ಅನಿಲದ ಹಕ್ಕನ್ನು ಕಂಪನಿಗೆ ಗುತ್ತಿಗೆ ಕೊಟ್ಟು, ಪ್ರತಿ ಪೀಪಾಯಿಗೂ ಪಾಲು ಪಡೆಯಬಹುದು. ಮೇಲಿನ ಹೊಲವನ್ನು ಒಬ್ಬರಿಗೆ ಮಾರಿ ಕೆಳಗಿನ ಖನಿಜವನ್ನು ತನ್ನಲ್ಲೇ ಉಳಿಸಿಕೊಳ್ಳಲೂಬಹುದು. ಹೀಗಾಗಿ ಪಕ್ಕದ ಹೊಲದಲ್ಲಿ ರಿಗ್ ನಿಂತರೆ ಊರಿಗೆ ಊರೇ ಆ ಸುದ್ದಿಯ ಬೆನ್ನು ಹತ್ತುತ್ತದೆ. ನಮ್ಮಲ್ಲಿ ಹಾಗಿಲ್ಲ. ಹಾಗಿಲ್ಲದಿರುವುದಕ್ಕೆ ಕಾರಣವೇನು ಎಂದು ಹುಡುಕುತ್ತಾ ಹೋದರೆ ಶಾಸನಗಳಿಂದ ಕೋಲಾರದ ಚಿನ್ನದ ಗಣಿಯವರೆಗೆ, ಅಲ್ಲಿಂದ ಜೆ.ಪಿ. ನಗರದ ಬೋರ್‌ವೆಲ್‌ವರೆಗೆ ದಾರಿ ಸಾಗುತ್ತದೆ.

ಮೊದಲು ಆ ಎಂಟು ಪದಗಳು. ವಿಜಯನಗರ ಕಾಲದ ದಾನಶಾಸನಗಳಲ್ಲಿ ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಪಟ್ಟಿ ಮತ್ತೆ ಮತ್ತೆ ಬರುತ್ತದೆ. ಬಿ.ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಸಂಪುಟಗಳನ್ನು ತಿರುವಿದವರಿಗೆ ಇದು ಬಾಯಿಪಾಠವಾಗಿಬಿಡುತ್ತದೆ. ನಿಧಿ ಎಂದರೆ ನೆಲದಲ್ಲಿ ಹೂತಿರುವ ಸಂಪತ್ತು, ನಿಕ್ಷೇಪ ಎಂದರೆ ಯಾರೋ ಇಟ್ಟದ್ದು, ಇರಿಸಿದ್ದು, ಜಲ ನೀರು, ಪಾಷಾಣ ಕಲ್ಲು ಮತ್ತು ಕಲ್ಲಿನೊಳಗಿನದು. ಅಕ್ಷೀಣಿ ಎಂದರೆ ಸವೆಯದೆ ಬರುತ್ತಿರುವ ಆದಾಯ, ಆಗಾಮಿ ಎಂದರೆ ಮುಂದೆ ಬರಲಿರುವುದು, ಸಿದ್ಧ ಎಂದರೆ ಈಗಾಗಲೇ ಸಾಗುವಳಿಗೆ ಬಂದಿರುವುದು, ಸಾಧ್ಯ ಎಂದರೆ ಮುಂದೆ ಸಾಗುವಳಿಗೆ ತರಬಹುದಾದದ್ದು ಎಂದು ಸಾಮಾನ್ಯವಾಗಿ ಅರ್ಥ ಹೇಳುತ್ತಾರೆ. ಅರಸ ಒಂದು ಗ್ರಾಮವನ್ನು ದಾನ ಕೊಡುವಾಗ ಈ ಎಂಟನ್ನೂ ಸೇರಿಸಿ ಕೊಡುತ್ತಾನೆ.

ಇದನ್ನು ಬರೀ ಸಿದ್ಧಸೂತ್ರವೆಂದು ತಳ್ಳಿಹಾಕುವುದುಂಟು. ಸೂತ್ರ ನಿಜ, ಆದರೆ ಸೂತ್ರಕ್ಕೂ ಅರ್ಥವಿರುತ್ತದೆ. ಅರಸ ಹೆಸರು ಹಿಡಿದು ಕೊಡುತ್ತಿದ್ದಾನೆ ಎಂದರೆ, ಹೆಸರು ಹಿಡಿಯದಿದ್ದರೆ ಅದು ಅವನಲ್ಲೇ ಉಳಿಯುತ್ತಿತ್ತು ಎಂದಾಯಿತು. ಗಣಿಗಳ ಮೇಲೆ ಆಕರಾಧ್ಯಕ್ಷನೆಂಬ ಅಧಿಕಾರಿಯನ್ನು ಕೂರಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ಕಾಲದಿಂದಲೂ ನೆಲದಡಿಯದು ಪ್ರಭುತ್ವದ್ದು ಎಂಬ ಎಣಿಕೆ ಇದ್ದೇ ಇತ್ತು. ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಆ ಎಂಟು ಭೋಗಗಳು ಸಿಗುತ್ತಿದ್ದುದು ದಾನ ಪಡೆದವರಿಗೆ, ಅಂದರೆ ಅಗ್ರಹಾರದ ಬ್ರಾಹ್ಮಣರಿಗೆ, ದೇವಸ್ಥಾನಕ್ಕೆ, ಮಠಕ್ಕೆ. ಅದೇ ನೆಲದಲ್ಲಿ ನೇಗಿಲು ಹಿಡಿದವನ ಹೆಸರು ಆ ಸಾಲಿನಲ್ಲಿ ಬರುವುದಿಲ್ಲ. ನೆಲದಡಿಯ ಹಕ್ಕು ಅಂದೂ ಉಳುವವನ ತಲೆಯ ಮೇಲಿಂದಲೇ ಕೈ ಬದಲಾಯಿಸುತ್ತಿತ್ತು.

ಕೋಲಾರದಲ್ಲಿ ಆದದ್ದೂ ಇದೇ, ಹೊಸ ಕಾಗದದ ಮೇಲೆ. 1802ರಲ್ಲಿ ಮೈಸೂರು ಸೀಮೆಯ ಪೂರ್ವದ ಗಡಿಯನ್ನು ಅಳೆಯುತ್ತಿದ್ದ ಲೆಫ್ಟಿನೆಂಟ್ ಜಾನ್ ವಾರನ್‌ನ ಕಿವಿಗೆ ಆ ಕಡೆ ಚಿನ್ನ ಸಿಗುತ್ತದೆ ಎಂಬ ಮಾತು ಬಿತ್ತು. ತೋರಿಸಿದವರಿಗೆ ಬಹುಮಾನ ಕೊಡುವೆನೆಂದು ಸಾರಿದ. ಹಳ್ಳಿಯವರು ಗಾಡಿಗಳಲ್ಲಿ ಮಣ್ಣು ತಂದು ಅವನೆದುರಿಗೇ ತೊಳೆದು ಚಿನ್ನದ ಪುಡಿ ತೋರಿಸಿದರು. ಮಾರಿಕುಪ್ಪಂ, ಊರಿಗಾಂ ಸುತ್ತಿನ ಜನಕ್ಕೆ ತಮ್ಮ ನೆಲದಲ್ಲಿ ಏನಿದೆ, ಅದನ್ನು ತೆಗೆಯುವುದು ಹೇಗೆ ಎಂಬುದು ಆಗಲೇ ಗೊತ್ತಿತ್ತು. ವಾರನ್ ಬರೆದ ವರದಿಯನ್ನು ಹಲವು ದಶಕಗಳ ನಂತರ ಓದಿದವನು ಮೈಕೆಲ್ ಫಿಟ್ಜ್‌ಜೆರಾಲ್ಡ್ ಲವೆಲ್ ಎಂಬ ಐರಿಷ್ ಸೈನಿಕ. ನ್ಯೂಜಿಲೆಂಡಿನಲ್ಲಿ ಮಾವೊರಿಗಳ ವಿರುದ್ಧದ ಯುದ್ಧದಲ್ಲಿ ಭಾಗವಹಿಸಿ, ನಿವೃತ್ತನಾಗಿ ಬೆಂಗಳೂರಿನ ದಂಡಿನಲ್ಲಿ ನೆಲೆಸಿದ್ದ. ಇಂದಿನ ಲವೆಲ್ ರಸ್ತೆ ಅವನ ಹೆಸರಿನದೇ. 1873ರಲ್ಲಿ ಅವನು ಗಣಿಗಾರಿಕೆಗೆ ಅರ್ಜಿ ಹಾಕಿದ. ಚಿನ್ನದಿಂದ ಲಾಭವಿಲ್ಲವೆಂದು ನಂಬಿದ್ದ ಅಧಿಕಾರಿಗಳು ಬೇಕಾದರೆ ಕಲ್ಲಿದ್ದಲು ಹುಡುಕು ಎಂದರು. ಅವನು ಪಟ್ಟು ಬಿಡಲಿಲ್ಲ. 1875ರ ಫೆಬ್ರುವರಿ 2ರಂದು 20 ವರ್ಷಗಳ ಗುತ್ತಿಗೆ ಅವನ ಕೈ ಸೇರಿತು.

ಲವೆಲ್‌ಗೆ ಸಿಕ್ಕಿದ್ದು ಜಮೀನಲ್ಲ ಎಂಬುದು ಇಲ್ಲಿ ಮುಖ್ಯ. ಅವನಿಗೆ ಸಿಕ್ಕಿದ್ದು ಜಮೀನಿನ ಕೆಳಗೆ ಹುಡುಕುವ, ತೆಗೆಯುವ ಹಕ್ಕು. ಹಣ ಸಾಲದೆ 1877ರಲ್ಲಿ ಆ ಹಕ್ಕನ್ನೇ ಅವನು ಬೆರೆಸ್‌ಫರ್ಡ್ ಎಂಬ ಸೇನಾಧಿಕಾರಿ ಮತ್ತು ಅವನ ಜೊತೆಗಾರರಿಗೆ ಮಾರಿದ. 1880ರ ಹೊತ್ತಿಗೆ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಗಣಿಯೊಳಗೆ ಬಂತು. ನೆಲದಿಂದ ಬೇರ್ಪಟ್ಟ ಹಕ್ಕೊಂದು ಕಾಗದವಾಗಿ ಒಂದು ಕೈಯಿಂದ ಇನ್ನೊಂದು ಕೈಗೆ ದಾಟುವುದನ್ನು ನಮ್ಮ ನಾಡು ಹೀಗೆ ಕಂಡಿತು. ಆಗ ಮೈಸೂರು ಬ್ರಿಟಿಷ್ ಕಮಿಷನರ ಆಡಳಿತದಲ್ಲಿತ್ತು. 1881ರಲ್ಲಿ ರಾಜ್ಯ ಮತ್ತೆ ಒಡೆಯರ ಕೈಗೆ ಬಂದ ಮೇಲೆ ಗಣಿಯ ಪಾಲು ಅರಮನೆಯ ಸರ್ಕಾರಕ್ಕೆ ಸಲ್ಲತೊಡಗಿತು. ಆ ಪಾಲಿಗೆ ಕನ್ನಡದಲ್ಲಿ ಇಂದಿಗೂ ಇರುವ ಹೆಸರು ರಾಜಧನ. ರಾಜ ಹೋಗಿ ಎಷ್ಟೋ ಕಾಲವಾದರೂ ಗಣಿ ಇಲಾಖೆಯ ಚಲನ್‌ಗಳಲ್ಲಿ ಅವನ ಧನ ಉಳಿದುಕೊಂಡಿದೆ.

ಆ ಗಣಿಗಳಿಂದ ಒಟ್ಟು ಸುಮಾರು 800 ಟನ್ ಚಿನ್ನ ಹೊರಬಂತು. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಆಳಕ್ಕಿಳಿಯಿತು. ಗಣಿಗೆಂದೇ 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಹರಿಯಿತು. ಬೆಂಗಳೂರಿನ ಬೀದಿಗೆ ಆ ಬೆಳಕು ಬಂದದ್ದು 1905ರಲ್ಲಿ. ಆಳದಲ್ಲಿ ದುಡಿದವರಲ್ಲಿ ಬಹುಪಾಲು ಜನ ಆರ್ಕಾಟ್ ಸೀಮೆಯಿಂದ ಬಂದ ತಮಿಳು ಕೂಲಿಗಳು, ಅವರಲ್ಲಿ ದಲಿತರೇ ಹೆಚ್ಚು. 1956ರಲ್ಲಿ ಮೈಸೂರು ರಾಜ್ಯ ಗಣಿಗಳನ್ನು ವಹಿಸಿಕೊಂಡಿತು, 1962ರಲ್ಲಿ ಕೇಂದ್ರಕ್ಕೆ ಹೋದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಆಯಿತು. 2001ರ ಫೆಬ್ರುವರಿ 28ರಂದು ಬಾಗಿಲು ಮುಚ್ಚಿತು. ಒಡೆತನ ಇಷ್ಟು ಬಾರಿ ಬದಲಾದರೂ ಆ ಊರಿನವರ ಪಾಲಿಗೆ ಉಳಿದದ್ದು ಸೈನೈಡ್ ದಿಬ್ಬಗಳು ಮತ್ತು ಗಾಳಿ ಎದ್ದಾಗ ಅವುಗಳಿಂದ ಹಾರುವ ದೂಳು.

ಕಾನೂನಿನ ಮಾತಿಗೆ ಬರೋಣ. 1964ರ ಭೂಕಂದಾಯ ಕಾಯ್ದೆಯ 70ನೇ ಕಲಮು ರಾಜ್ಯದ ಗಣಿ ಮತ್ತು ಖನಿಜಗಳ ಹಕ್ಕು, ಯಾವುದೇ ದಾನಪತ್ರವಾಗಲಿ ಬೇರೆ ಕಾನೂನಾಗಲಿ ಬೇರೆ ರೀತಿ ಹೇಳದಿದ್ದರೆ, ಸರ್ಕಾರಕ್ಕೆ ಸೇರಿದ್ದು ಎನ್ನುತ್ತದೆ. ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕೆಂಬ ನಿಯಮ 1878ರ ನಿಧಿ ಕಾಯ್ದೆಯಲ್ಲೇ ಬಂದಿತ್ತು. ಅಂದರೆ ಕ್ರಯಪತ್ರದಲ್ಲಿ ಬರೆದ ಎಂಟರಲ್ಲಿ ನಿಧಿಯೂ ಪಾಷಾಣವೂ ಮಾರುವವರ ಬಳಿ ಇರಲೇ ಇಲ್ಲ. ತನ್ನಲ್ಲಿ ಇಲ್ಲದ್ದನ್ನು ಯಾರೂ ಮಾರಲಾರರು.

ಹಾಗಾದರೆ ಭಾರತದಲ್ಲಿ ಎಲ್ಲೆಡೆಯೂ ಹೀಗೆಯೇ? ಇಲ್ಲ ಎಂಬ ಉತ್ತರ ಪಕ್ಕದ ಮಲಬಾರಿನಿಂದ ಬಂತು. ಅಲ್ಲಿನ ಜನ್ಮಿ ಪದ್ಧತಿಯ ಜಮೀನಿನ ಒಡೆಯರು, ತಮ್ಮ ನೆಲದಡಿಯ ಖನಿಜ ತಮ್ಮದೇ, ಸರ್ಕಾರಕ್ಕೆ ರಾಜಧನ ಏಕೆ ಕೊಡಬೇಕು ಎಂದು ಕೇಳಿದರು. 2013ರ ಜುಲೈ 8ರಂದು ಥ್ರೆಸಿಯಮ್ಮ ಜೇಕಬ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ನ್ಯಾಯಮೂರ್ತಿ ಚಲಮೇಶ್ವರ್ ಬರೆದ ಆ ತೀರ್ಪಿನ ಸಾರಾಂಶ ಇಷ್ಟು: ನೆಲದಡಿಯ ಸಂಪತ್ತೆಲ್ಲ ಸರ್ಕಾರದ್ದೆಂದು ಸಾರುವ ಕಾನೂನು ಯಾವುದೂ ಇಲ್ಲ, ಸಾಮಾನ್ಯವಾಗಿ ನೆಲದ ಒಡೆತನವನ್ನೇ ನೆಲದಡಿಯ ಒಡೆತನವೂ ಹಿಂಬಾಲಿಸುತ್ತದೆ, ಸರಿಯಾದ ಕಾನೂನುಕ್ರಮದಿಂದ ಅದನ್ನು ಕಸಿದುಕೊಂಡಿದ್ದರೆ ಮಾತ್ರ ಬೇರೆ. ಒಡೆಯನಾದ ಮಾತ್ರಕ್ಕೆ ಇಷ್ಟ ಬಂದಂತೆ ಅಗೆಯಬಹುದೆಂದೇನೂ ಅಲ್ಲ. 1957ರ ಗಣಿ ಕಾಯ್ದೆಯ ಕಟ್ಟುಪಾಡು ಅವನಿಗೂ ಇದೆ. ರಾಜಧನ ಕೊಡಬೇಕೇ ಬೇಡವೇ ಎಂಬುದನ್ನು ಮಾತ್ರ ಕೋರ್ಟ್ ಅಂದು ಇತ್ಯರ್ಥಪಡಿಸಲಿಲ್ಲ, ಏಕೆಂದರೆ ರಾಜಧನದ ಸ್ವರೂಪವೇ ದೊಡ್ಡ ಪೀಠದ ಮುಂದೆ ಬಾಕಿಯಿತ್ತು.

ಆ ದೊಡ್ಡ ಪೀಠ, ಒಂಬತ್ತು ನ್ಯಾಯಮೂರ್ತಿಗಳದ್ದು, 2024ರ ಜುಲೈ 25ರಂದು 8:1ರ ಬಹುಮತದಿಂದ ರಾಜಧನ ತೆರಿಗೆಯಲ್ಲ ಎಂದಿತು. ಖನಿಜದ ಹಕ್ಕಿನ ಮೇಲೆ ತೆರಿಗೆ ಹಾಕುವ ಅಧಿಕಾರ ರಾಜ್ಯಗಳಿಗಿದೆ ಎಂದಿತು. ಭಿನ್ನಮತ ಬರೆದ ಒಬ್ಬರು ಕರ್ನಾಟಕ ಹೈಕೋರ್ಟಿನಿಂದ ಹೋದ ನ್ಯಾಯಮೂರ್ತಿ ಬಿ.ವಿ. ನಾಗರತ್ನ. ರಾಜ್ಯಗಳು ಪೈಪೋಟಿಗೆ ಬಿದ್ದು ತೆರಿಗೆ ಹೇರಿದರೆ ದೇಶದ ಖನಿಜ ಅಭಿವೃದ್ಧಿಯ ಗತಿಯೇನು ಎಂಬುದು ಅವರ ಆತಂಕ. ಈ ಎರಡೂ ತೀರ್ಪುಗಳನ್ನು ಒಟ್ಟಿಗಿಟ್ಟು ಓದಿದರೆ ಒಂದು ಸಂಗತಿ ಹೊಳೆಯುತ್ತದೆ. ವಾದವೆಲ್ಲ ನಡೆದದ್ದು ಒಡೆಯ, ರಾಜ್ಯ, ಕೇಂದ್ರ ಈ ಮೂವರ ನಡುವೆ. ಗಣಿಯ ಪಕ್ಕದಲ್ಲಿ ಬದುಕುವವರಿಗೆ ನೇರವಾಗಿ ಪಾಲು ಕೊಡುವ ಮಾತು ಬಂದದ್ದು 2015ರಲ್ಲಿ, ಪ್ರತಿ ಗಣಿ ಜಿಲ್ಲೆಯಲ್ಲೂ ಜಿಲ್ಲಾ ಖನಿಜ ಪ್ರತಿಷ್ಠಾನ ಇರಬೇಕೆಂದು ಗಣಿ ಕಾಯ್ದೆಗೆ ತಿದ್ದುಪಡಿ ತಂದಾಗ. ಕೋಲಾರದ ಬಾಗಿಲು ಮುಚ್ಚಿ ಆಗಲೇ 14 ವರ್ಷವಾಗಿತ್ತು.

ಇನ್ನು ತೈಲ. ಸಂವಿಧಾನದ ಕೇಂದ್ರಪಟ್ಟಿಯ 53ನೇ ನಮೂದು ಮತ್ತು 1948ರ ತೈಲಕ್ಷೇತ್ರಗಳ ಕಾಯ್ದೆ ಇದನ್ನು ಕೇಂದ್ರದ ಹಿಡಿತದಲ್ಲಿಟ್ಟಿವೆ. ಕರ್ನಾಟಕದ ಬಹುಭಾಗ ಪುರಾತನ ಸ್ಫಟಿಕ ಶಿಲೆಯ ಮೇಲೆ ನಿಂತಿರುವುದರಿಂದ ಇಲ್ಲಿ ತೈಲಬಾವಿಯ ಮಾತಿಲ್ಲ. ತೈಲ ಕೂಡಿಕೊಳ್ಳುವುದು ಪದರ ಪದರವಾಗಿ ಕೂತ ಮಣ್ಣಿನ ಶಿಲೆಗಳಲ್ಲಿ. ಆದರೂ ನಮ್ಮ ನೆಲದಡಿ ತೈಲವಿದೆ. ಮಂಗಳೂರಿನಲ್ಲಿ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್ ಕಚ್ಚಾತೈಲ ಹಿಡಿಸುವಷ್ಟು ದೊಡ್ಡ ಗುಹೆಗಳನ್ನು ಬಂಡೆಯೊಳಗೆ ಕೊರೆದು, ದೇಶದ ಆಪತ್ಕಾಲಕ್ಕೆಂದು ಅಲ್ಲಿ ತುಂಬಿಡಲಾಗುತ್ತದೆ. ಶಾಸನದ ಭಾಷೆಯಲ್ಲಿ ಹೇಳುವುದಾದರೆ ಅದು ನಿಧಿಯಲ್ಲ, ನಿಕ್ಷೇಪ. ಪತ್ರಿಕೆಗಳು ಇಂದು ಕಬ್ಬಿಣದ ನಿಕ್ಷೇಪ, ಲಿಥಿಯಂ ನಿಕ್ಷೇಪ ಎಂದು ಬರೆಯುವಾಗ ಆ ಪದದ ಹಳೆಯ ಅರ್ಥ, ಅಂದರೆ ಯಾರೋ ನಂಬಿಕೆಯಿಂದ ಇರಿಸಿದ್ದು ಎಂಬುದು, ಮರೆತೇಹೋಗಿದೆ.

ತೈಲ ಇಲ್ಲದ ಊರಿನವರಿಗೂ ತೈಲದ ಹಕ್ಕಿನ ಪ್ರಶ್ನೆ ತಪ್ಪಿದ್ದಲ್ಲ. 2017ರ ಫೆಬ್ರುವರಿಯಲ್ಲಿ ಕೇಂದ್ರ ಸಂಪುಟ 31 ಸಣ್ಣ ತೈಲಕ್ಷೇತ್ರಗಳನ್ನು ಹಂಚಿದಾಗ, ತಮಿಳುನಾಡಿನ ಪುದುಕ್ಕೋಟೈ ಜಿಲ್ಲೆಯ ನೆಡುವಾಸಲ್ ಸಿಕ್ಕಿದ್ದು ಕರ್ನಾಟಕ ಮೂಲದ ಕಂಪನಿಯೊಂದಕ್ಕೆ. ಅಲ್ಲಿನ ರೈತರು ವಾರಗಟ್ಟಲೆ ಧರಣಿ ಕೂತರು. ಹೊಲ ಅವರದು, ಹೊಲದಡಿಯ ಅನಿಲ ಅವರದಲ್ಲ; ಬೇಡ ಎನ್ನುವ ಹಕ್ಕಾದರೂ ಇದೆಯೇ ಎಂಬುದು ಅವರ ಪ್ರಶ್ನೆಯಾಗಿತ್ತು. ಅವರ ಮುಖ್ಯ ಭಯ ಅಂತರ್ಜಲದ್ದು. 2020ರಲ್ಲಿ ತಮಿಳುನಾಡು ಕಾವೇರಿ ಮುಖಜಭೂಮಿಯನ್ನು ಸಂರಕ್ಷಿತ ಕೃಷಿ ವಲಯವೆಂದು ಕಾಯ್ದೆಯನ್ನೇ ಮಾಡಿತು. ಇತ್ತ ಸಾವಿರ ಕಿಲೋಮೀಟರ್ ಉದ್ದದ ದಾಭೋಲ್–ಬೆಂಗಳೂರು ಅನಿಲ ಕೊಳವೆ 2013ರಲ್ಲಿ ಬೆಂಗಳೂರು ಮುಟ್ಟಿತು. ಅದು ಹಾದುಬಂದ ಹೊಲಗಳಿಗೆ ಅನ್ವಯಿಸುವುದು 1962ರ ಕೊಳವೆಮಾರ್ಗ ಕಾಯ್ದೆ. ಅದರ ಪ್ರಕಾರ ಹೊಲ ರೈತನದಾಗಿಯೇ ಉಳಿಯುತ್ತದೆ. ಬಳಕೆಯ ಹಕ್ಕು ಮಾತ್ರ ಹೋಗುತ್ತದೆ. ಆ ಪಟ್ಟಿಯ ಮೇಲೆ ಅವನು ಮನೆ ಕಟ್ಟುವಂತಿಲ್ಲ, ಮರ ನೆಡುವಂತಿಲ್ಲ, ಬಾವಿ ತೋಡುವಂತಿಲ್ಲ. ಬಳಕೆಯ ಹಕ್ಕಿಗೆಂದು ಸಿಗುವ ಪರಿಹಾರ ಜಮೀನಿನ ಮಾರುಕಟ್ಟೆ ಬೆಲೆಯ ಶೇ 10. ನಗರದ ಅಡುಗೆಮನೆಗೆ ಕೊಳವೆಯಲ್ಲಿ ಗ್ಯಾಸ್ ಬರುವುದು ಸಿಲಿಂಡರ್ ಹೊರುವ ಕಷ್ಟ ತಪ್ಪಿಸಿದೆ. ಅದರ ಇನ್ನೊಂದು ತುದಿಯಲ್ಲಿ ಯಾರದೋ ಹೊಲದಲ್ಲಿ ತೋಡಲಾಗದ ಬಾವಿಯೊಂದಿದೆ.

ಬಾವಿಯ ಮಾತು ಬಂತು. ಅಮೆರಿಕದ ತೈಲದ ಕಾನೂನು ಹುಟ್ಟಿದ್ದೇ ಬಾವಿಯಿಂದ. 1843ರಲ್ಲಿ ಇಂಗ್ಲೆಂಡಿನ ಆಕ್ಟನ್ ವಿರುದ್ಧ ಬ್ಲಂಡೆಲ್ ಮೊಕದ್ದಮೆಯಲ್ಲಿ, ಪಕ್ಕದ ಕಲ್ಲಿದ್ದಲು ಗಣಿಯಿಂದಾಗಿ ತನ್ನ ಹತ್ತಿ ಗಿರಣಿಯ ಬಾವಿ ಬತ್ತಿತೆಂದು ಒಬ್ಬ ದೂರು ತಂದ. ನೆಲದಡಿಯ ನೀರು ಯಾರ ನೆಲದಲ್ಲಿ ಸಿಗುತ್ತದೋ ಅವರದ್ದು, ಪಕ್ಕದವನಿಗೆ ಪರಿಹಾರವಿಲ್ಲ ಎಂದಿತು ಕೋರ್ಟ್. 1859ರಲ್ಲಿ ಪೆನ್ಸಿಲ್ವೇನಿಯದ ಟೈಟಸ್‌ವಿಲ್‌ನಲ್ಲಿ ಎಡ್ವಿನ್ ಡ್ರೇಕ್ 69 ಅಡಿಯಷ್ಟು ಕೊರೆದು ತೈಲ ಕಂಡ ಮೇಲೆ, ಅಲ್ಲಿನ ನ್ಯಾಯಾಲಯಗಳು ನೀರಿನ ಈ ನಿಯಮವನ್ನೇ ತೈಲಕ್ಕೂ ಅನ್ವಯಿಸಿದವು. 1889ರಲ್ಲಿ ಪೆನ್ಸಿಲ್ವೇನಿಯದ ಸುಪ್ರೀಂ ಕೋರ್ಟ್ ನೀರು, ತೈಲ, ಅನಿಲಗಳನ್ನು ಕಾಡುಪ್ರಾಣಿಗೆ ಹೋಲಿಸಿತು: ಎಲ್ಲಿ ಬೇಕಾದರೂ ಓಡಾಡುತ್ತದೆ, ಹಿಡಿದವನದು. ಹಾಗಾಗಿ ನೆರೆಯವನು ಕೊರೆದರೆ ನೀನೂ ಕೊರೆ, ಬೇಗ ಕೊರೆ, ಹೆಚ್ಚು ಎಳೆ. 1901ರ ನಂತರ ಟೆಕ್ಸಸ್‌ನ ಸ್ಪಿಂಡಲ್‌ಟಾಪ್ ಗುಡ್ಡದ ಮೇಲೆ ರಿಗ್ಗುಗಳು ಕಾಡಿನಂತೆ ಎದ್ದು ನಿಂತದ್ದು, ಕೆಲವೇ ವರ್ಷಗಳಲ್ಲಿ ಅಲ್ಲಿನ ಒತ್ತಡ ಕುಸಿದದ್ದು ಈ ನಿಯಮದ ಫಲ.

ಅದೇ ನಿಯಮ ನಮಗೂ ಬಂತು, ನೀರಿಗೆ ಮಾತ್ರ. 1882ರ ಅನುಭೋಗ ಹಕ್ಕುಗಳ ಕಾಯ್ದೆಯ 7ನೇ ಕಲಮಿನ ಒಂದು ಉದಾಹರಣೆ, ನಿರ್ದಿಷ್ಟ ಕಾಲುವೆಯಲ್ಲಿ ಹರಿಯದ ನೆಲದಡಿಯ ನೀರನ್ನು ತನ್ನ ಎಲ್ಲೆಯೊಳಗೆ ಸಂಗ್ರಹಿಸಿ ವಿಲೇವಾರಿ ಮಾಡುವ ಹಕ್ಕು ಜಮೀನಿನ ಒಡೆಯನದು ಎನ್ನುತ್ತದೆ. ಹೀಗೆ ಕ್ರಯಪತ್ರದ ಎಂಟು ಭೋಗಗಳಲ್ಲಿ ನಿಧಿ, ಪಾಷಾಣಗಳು ಸರ್ಕಾರಕ್ಕೆ ಹೋಗಿ, ನೆಲದಡಿಯದರಲ್ಲಿ ಒಡೆಯನ ಕೈಯಲ್ಲಿ ಉಳಿದದ್ದು ಜಲವೊಂದೇ. ಟೆಕ್ಸಸ್‌ನ ರೈತನಿಗೆ ತೈಲದ ವಿಷಯದಲ್ಲಿ ಇರುವ ಸ್ಥಾನ, ದಕ್ಷಿಣ ಬೆಂಗಳೂರಿನ ಸೈಟಿನ ಯಜಮಾನನಿಗೆ ನೀರಿನ ವಿಷಯದಲ್ಲಿದೆ.

ಆದ್ದರಿಂದಲೇ ನಮ್ಮ ಬಡಾವಣೆಗಳಲ್ಲಿ ಬೇರೆಯವರ ಕೊರೆತವನ್ನು ಜನ ಅಷ್ಟು ಆಸಕ್ತಿಯಿಂದ ಗಮನಿಸುತ್ತಾರೆ. ರಾತ್ರಿ ಬೀದಿಗೆ ರಿಗ್ ಲಾರಿ ಬಂದರೆ ಬೆಳಗಾಗುವಷ್ಟರಲ್ಲಿ ಸುದ್ದಿ ಮೂರು ಕ್ರಾಸ್ ದಾಟಿರುತ್ತದೆ. ಪಾಯಿಂಟ್ ನೋಡಿದವರು ಯಾರು, ಎಷ್ಟಡಿಗೆ ಕಲ್ಲು ಸಿಕ್ಕಿತು, ಕೇಸಿಂಗ್ ಎಷ್ಟು ಇಳಿಯಿತು, ಎಷ್ಟು ಇಂಚು ನೀರು ಬಿತ್ತು. ಕೇಳುವವರಲ್ಲಿ ಅರ್ಧ ಕುತೂಹಲ, ಅರ್ಧ ಲೆಕ್ಕಾಚಾರ: ಅವರದು ಸಾವಿರ ಅಡಿ ಹೋದರೆ ನಮ್ಮ ಆರುನೂರು ಅಡಿಯ ಬೋರಿನ ಗತಿಯೇನು? ಡ್ರೇಕ್‌ನ ತೈಲಬಾವಿಯ ಹತ್ತುಪಟ್ಟು ಆಳವನ್ನು ಇಲ್ಲಿ ಅಡುಗೆ, ಸ್ನಾನದ ನೀರಿಗಾಗಿ ಕೊರೆಸುತ್ತಾರೆ.

ಕೆಳಗಿರುವ ಬಂಡೆ ಯಾವುದು ಎಂದು ನೋಡಲು ಲಾಲ್‌ಬಾಗ್‌ಗೆ ಹೋದರೆ ಸಾಕು. ಕೆಂಪೇಗೌಡ ಗೋಪುರ ನಿಂತಿರುವ ಆ ಗುಡ್ಡ ಸುಮಾರು 300 ಕೋಟಿ ವರ್ಷ ಹಳೆಯ ಪೆನಿನ್ಸುಲರ್ ನೈಸ್ ಶಿಲೆ. ಮೈಸೂರು ಭೂವಿಜ್ಞಾನ ಇಲಾಖೆಯ ಡಬ್ಲ್ಯು.ಎಫ್. ಸ್ಮೀತ್ ಇಟ್ಟ ಹೆಸರದು. ಈಗ ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಇಂಥ ಕಲ್ಲು ಸ್ಪಂಜಿನಂತೆ ನೀರು ಹೀರುವುದಿಲ್ಲ. ಮೇಲಿನ ಸವೆದ ಪದರದಲ್ಲಿ ಮತ್ತು ಕೆಳಗಿನ ಬಿರುಕುಗಳಲ್ಲಿ ಮಾತ್ರ ನೀರು ನಿಲ್ಲುತ್ತದೆ. ಬಿರುಕುಗಳು ಖಾತೆ ನೋಡಿ ಹರಡಿಕೊಂಡಿಲ್ಲ. ಒಂದು ಸೈಟಿನಲ್ಲಿ ಎಳೆದದ್ದು ಇನ್ನೊಂದರಿಂದ ಬಂದಿರುತ್ತದೆ. 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿದ್ದಾಗ ಈ ಸುತ್ತಿನ ನೀರು ಕೆರೆಗಳಲ್ಲೂ ತೆರೆದ ಬಾವಿಗಳಲ್ಲೂ ಕಣ್ಣಿಗೆ ಕಾಣುತ್ತಿತ್ತು. ಬಿಟಿಎಂ ಎಂಬ ಮೂರಕ್ಷರದೊಳಗೆ ಭೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳಿವೆ. ಒಂದರ ಹೆಸರಿನಲ್ಲೇ ಕೆರೆಯಿದೆ. ಕಾಣುವ ನೀರಿಗೆ ನೀರಗಂಟಿ, ಸರದಿ, ಊರಿನ ಕಟ್ಟುಪಾಡು ಎಲ್ಲ ಇದ್ದವು. ಕಾಣದ ನೀರು ಒಂಟಿ ಆಸ್ತಿಯಾಯಿತು.

2011ರ ಕರ್ನಾಟಕ ಅಂತರ್ಜಲ ಕಾಯ್ದೆ ಅಧಿಸೂಚಿತ ಪ್ರದೇಶಗಳಲ್ಲಿ ಬಾವಿ ಕೊರೆಯಲು ಅನುಮತಿ ಬೇಕೆಂದಿತು. ಆದರೆ ಅನುಮತಿ ಕೇಳುವವನ ಮನಸ್ಸಿನಲ್ಲಿ ನೀರು ಇನ್ನೂ ಕ್ರಯಪತ್ರದ ಭಾಗವೇ. ಕೇರಳದ ಪ್ಲಾಚಿಮಡದಲ್ಲಿ 2003ರಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ ಅಂತರ್ಜಲ ಸಾರ್ವಜನಿಕರ ಸ್ವತ್ತು, ಸರ್ಕಾರ ಅದರ ಧರ್ಮದರ್ಶಿ ಮಾತ್ರ ಎಂದಿತು. 2005ರಲ್ಲಿ ಅದೇ ಕೋರ್ಟಿನ ವಿಭಾಗೀಯ ಪೀಠ ಆ ತೀರ್ಪನ್ನು ಬದಲಿಸಿತು. ಪ್ರಶ್ನೆ ಮಾತ್ರ ಉಳಿಯಿತು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಸುಮಾರು 14,000 ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿವೆ ಎಂದು ಸರ್ಕಾರವೇ ಹೇಳಿತು. ಆ ವರ್ಷ ಟ್ಯಾಂಕರ್ ಬೆಲೆ ಕೊಡಬಲ್ಲ ಅಪಾರ್ಟ್‌ಮೆಂಟಿಗೂ, ಸಾರ್ವಜನಿಕ ನಲ್ಲಿಯ ಮುಂದೆ ಕೊಡ ಇಟ್ಟು ಕಾಯುತ್ತಿದ್ದ ವಠಾರದ ಹೆಂಗಸರಿಗೂ ನಡುವಿನ ಅಂತರ ಎಲ್ಲರಿಗೂ ಕಂಡಿತು. ಸೈಟು ಇದ್ದವರಿಗೆ ಕೊನೆಗೆ ಇನ್ನೂರು ಅಡಿ ಹೆಚ್ಚು ಕೊರೆಸುವ ದಾರಿಯಾದರೂ ಇತ್ತು. ಬಾಡಿಗೆಯ ಒಂದು ಕೋಣೆಯಲ್ಲಿರುವವರಿಗೆ ಅಷ್ಟಭೋಗಗಳಲ್ಲಿ ಯಾವುದೂ ಇಲ್ಲ. ಅಗ್ರಹಾರದ ಶಾಸನದಲ್ಲಿ ಉಳುವವನ ಹೆಸರಿಲ್ಲದ್ದು ಇದಕ್ಕಿಂತ ಬೇರೆಯಲ್ಲ.

ಖನಿಜವನ್ನು ಸರ್ಕಾರದ ಕೈಗೆ ಕೊಟ್ಟದ್ದರಿಂದ ಕೋಲಾರದ ಜನಕ್ಕೆ ನ್ಯಾಯ ಸಿಗಲಿಲ್ಲ. ನೀರನ್ನು ಒಡೆಯನ ಕೈಯಲ್ಲಿ ಬಿಟ್ಟದ್ದರಿಂದ ಬೆಂಗಳೂರಿನ ಜನಕ್ಕೂ ಸಿಗಲಿಲ್ಲ. ಹಾಗಾಗಿ ಒಡೆಯ ಯಾರು ಎಂದು ಕೇಳುವಷ್ಟೇ ಮುಖ್ಯವಾಗಿ, ಒಡೆತನದ ಜೊತೆಗೆ ಹೊಣೆ ಏನು ಎಂದು ಕೇಳಬೇಕಾಗಿದೆ. ಅಂಥದ್ದೊಂದು ಹೊಣೆಯ ಎಳೆ ನಮ್ಮ ಕಾನೂನಿನಲ್ಲಿ ಈಗಾಗಲೇ ಇದೆ. 2009ರ ತಿದ್ದುಪಡಿಯಂತೆ ಬೆಂಗಳೂರಿನಲ್ಲಿ 30x40 ಸೈಟಿನಲ್ಲಿ ಹೊಸ ಮನೆ ಕಟ್ಟುವವರು, 40x60 ಸೈಟಿನಲ್ಲಿ ಹಳೆಯ ಮನೆ ಇರುವವರು ಮಳೆನೀರು ಸಂಗ್ರಹಿಸಲೇಬೇಕು, ಇಲ್ಲವೇ ಇಂಗುಗುಂಡಿಯಲ್ಲಿ ನೆಲಕ್ಕೆ ಇಳಿಸಬೇಕು. ಬಹಳ ಜನ ಇದನ್ನು ಜಲಮಂಡಳಿಯ ಕಿರಿಕಿರಿ ಎಂದುಕೊಂಡು ದಂಡ ಕಟ್ಟಿ ಸುಮ್ಮನಾಗುತ್ತಾರೆ. ಆದರೆ ನೆಲದಡಿಯಿಂದ ತೆಗೆಯುವ ಹಕ್ಕಿನ ಬಗ್ಗೆ ಇಷ್ಟು ಶತಮಾನ ಮಾತಾಡಿದ ನಂತರ, ನೆಲದಡಿಗೆ ಇಡಬೇಕು ಎಂದು ಸಾಮಾನ್ಯ ಮನೆಯವರಿಗೆ ಹೇಳಿದ ನಿಯಮ ಇದು. ಶಾಸನ ಬರೆದವರ ಬಳಿ ಅದಕ್ಕೆ ಸರಿಯಾದ ಪದವಿತ್ತು, ನಿಕ್ಷೇಪ. ಅದರ ಫಲ ಯಾರಿಗೆ ಎಂಬುದಕ್ಕೂ ಅದೇ ಸಾಲಿನಲ್ಲಿ, ಮೂರು ಪದಗಳಾಚೆ, ಇನ್ನೊಂದು ಪದವಿತ್ತು: ಆಗಾಮಿ.